ಕೊನೆಯ ಬೆಂಚಿನ ಪಂಚಾಂಗ

ಸೀನಿಯರ್ ಎಂದರೆ ಮುಂದಿನ ತರಗತಿಯಲ್ಲಿ ಓದುವವನು ಎಂದು ಲೋಕ ತಿಳಿದುಕೊಂಡಿದೆ. ನಮ್ಮ ಬಾಲಕರ ಹೈಸ್ಕೂಲಿನಲ್ಲಿ ಹಾಗಿರಲಿಲ್ಲ. ಹತ್ತನೆಯ ತರಗತಿಯವರನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪಾಪ, ಎಸ್ಸೆಸ್ಸೆಲ್ಸಿ ಭಯದಲ್ಲಿ ತಲೆ ತಗ್ಗಿಸಿಕೊಂಡು ಓಡಾಡುವ ಜನ. ನಿಜವಾದ ಸೀನಿಯರುಗಳು ಒಂಬತ್ತನೆಯ ತರಗತಿಯ ನಮ್ಮ ಕೋಣೆಯಲ್ಲೇ, ನಮ್ಮ ಬೆನ್ನ ಹಿಂದೆ, ಗೋಡೆಗೆ ಒರಗಿ ಕೂತಿದ್ದರು. 1979ರ ಜೂನ್‌ನಲ್ಲಿ ಎಂಟನೆಯದು ಪಾಸಾಗಿ ನಾವು ಆ ಕೋಣೆಗೆ ಕಾಲಿಟ್ಟಾಗ ಅವರು ಆಗಲೇ ಅಲ್ಲಿದ್ದರು. ನಮ್ಮ ಹಿಂದಿನ ಬ್ಯಾಚು ಬಂದಾಗಲೂ ಇದ್ದರಂತೆ. ಬೋರ್ಡು, ಗಾಂಧೀಜಿ ಪಟ, ಮುರಿದ ಕುರ್ಚಿಯ ಜೊತೆಗೆ ಅವರೂ ಕೋಣೆಯ ಸ್ವತ್ತಿನ ಪಟ್ಟಿಯಲ್ಲಿ ಇದ್ದಾರೇನೋ ಅನ್ನಿಸುತ್ತಿತ್ತು.

ಅವರು ಅಲ್ಲಿ ಉಳಿದದ್ದಕ್ಕೆ ಅವರ ಬುದ್ಧಿಯೊಂದೇ ಕಾರಣವಲ್ಲ. ಆಗಿನ ಹೈಸ್ಕೂಲುಗಳಿಗೆ ಊರಿನಲ್ಲಿ ಮಾನ ಸಿಗುತ್ತಿದ್ದದ್ದು ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಎಷ್ಟು ಜನ ಪಾಸು ಎಂಬುದರ ಮೇಲೆ. ನೂರಕ್ಕೆ 35 ದಾಟುವುದು ಅನುಮಾನ ಎನಿಸಿದವನನ್ನು ಪಬ್ಲಿಕ್ ಪರೀಕ್ಷೆಗೆ ಬಿಟ್ಟು ಫಲಿತಾಂಶ ಕೆಡಿಸಿಕೊಳ್ಳುವುದಕ್ಕಿಂತ ಒಂಬತ್ತರಲ್ಲೇ ತಡೆದು ನಿಲ್ಲಿಸುವುದು ಸುಲಭ. ಹೀಗಾಗಿ ರಾಜ್ಯದ ಎಷ್ಟೋ ಹೈಸ್ಕೂಲುಗಳಲ್ಲಿ ಒಂಬತ್ತನೆಯ ತರಗತಿ ಒಂದು ಅಣೆಕಟ್ಟೆ. ನಾವು ಚಿಕ್ಕವರು ತೂಬಿನಲ್ಲಿ ನುಸುಳಿ ಮುಂದೆ ಹೋಗುತ್ತಿದ್ದೆವು, ದೊಡ್ಡವರು ನಿಂತೇ ಇರುತ್ತಿದ್ದರು.

ನಪಾಸಾದದ್ದಕ್ಕೆ ಅವರಿಗೆ ದೊಡ್ಡ ದುಃಖವೇನೂ ಇದ್ದಂತೆ ಕಾಣಲಿಲ್ಲ, ಒಂದನ್ನು ಬಿಟ್ಟರೆ. ನಮ್ಮ ಶಾಲೆಯಲ್ಲಿ ಒಂಬತ್ತರವರೆಗೆ ಖಾಕಿ ಚಡ್ಡಿ, ಹತ್ತಕ್ಕೆ ಹೋದವನಿಗೆ ಮಾತ್ರ ಪ್ಯಾಂಟು. ಭಾನುವಾರ ಕ್ಷೌರದಂಗಡಿಯಲ್ಲಿ ದೊಡ್ಡವರ ಸಾಲಿನಲ್ಲಿ ಕೂತು ಗಡ್ಡ ಬೋಳಿಸಿಕೊಂಡು ಬಂದವನು ಸೋಮವಾರ ಚಡ್ಡಿ ಹಾಕಿಕೊಂಡು ಪ್ರಾರ್ಥನೆಗೆ ನಿಲ್ಲಬೇಕು. ಮನುಷ್ಯನಿಗೆ ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ಶಿಕ್ಷಣ ಇಲಾಖೆಯೂ ಕಂಡುಹಿಡಿದಿಲ್ಲ ಎಂದು ಈಗಲೂ ನಂಬುತ್ತೇನೆ. ಅವರಲ್ಲೊಬ್ಬ ಹೆಡ್‌ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಪಾಸು ಮಾಡೋದು ಬೇಡ, ಪ್ಯಾಂಟು ಕೊಡಿ ಸಾಕು" ಎಂದು ಕೇಳಿಕೊಂಡಿದ್ದನಂತೆ. ಕೊಡಲಿಲ್ಲ.

ಅವರನ್ನು ಏನೆಂದು ಕರೆಯುವುದು ಎಂಬುದೂ ನಮಗೆ ಕಷ್ಟವಾಗಿತ್ತು. ಒಂದೇ ಕ್ಲಾಸು, ಆದ್ದರಿಂದ "ಲೋ" ಅನ್ನಬಹುದು. ಆದರೆ ಮೀಸೆ ಇದೆ. "ಏನ್ರೀ" ಅಂದರೆ ನಗುತ್ತಾರೆ. ಕೊನೆಗೆ "ಗುರೂ" ಎಂಬುದು ಗಟ್ಟಿಯಾಯಿತು. ಪಾಠ ಹೇಳುವವರು "ಸಾರ್", ಹಿಂದೆ ಕೂರುವವರು "ಗುರು". ಅವರು ನಮ್ಮನ್ನು "ಮರಿ" ಎನ್ನುತ್ತಿದ್ದರು. ಹೆಸರು ಅಂತ ಕರೆಯಬೇಕಾದಾಗ ಅಪ್ಪನ ಕಸುಬೇ ಹೆಸರು: ಅಕ್ಕಿಗಿರಣಿಯವನು, ಹೋಟೆಲಿನವನು, ಪೋಸ್ಟಾಫೀಸಿನವನು. ಈ ಮೂವರಲ್ಲಿ ಗಿರಣಿಯವನು ಹಿರಿಯ. ಒಂಬತ್ತನೆಯ ತರಗತಿಯಲ್ಲಿ ಅವನದು ಮೂರನೆಯ ವರ್ಷ.

ಆ ವರ್ಷ ಹೊಸ ಚರಿತ್ರೆ ಮೇಷ್ಟ್ರು ಬಂದಿದ್ದಿದ್ದರೆ ಈ ಸೀನಿಯರುಗಳಿಗೆ ಚೆನ್ನಾಗಿತ್ತು. ಬಂದಿರಲಿಲ್ಲ. ಹಳಬರೇ, ಹಳೆಯ ಟಿಪ್ಪಣಿ, ಹಳೆಯ ತಮಾಷೆ. ಪಾಣಿಪತ್ ಯುದ್ಧದ ನಡುವೆ ಮೇಷ್ಟ್ರು ಆನೆಯ ವಿಷಯಕ್ಕೆ ಒಂದು ನಗೆಚಟಾಕಿ ಹಾರಿಸುತ್ತಿದ್ದರು. ಪ್ರತಿ ವರ್ಷ, ಅದೇ ವಾಕ್ಯದ ನಂತರ. ಗಿರಣಿಯವನು ಆ ವಾಕ್ಯ ಬರುವುದನ್ನೇ ಕಾದಿದ್ದು, ಮೇಷ್ಟ್ರು ಬಾಯಿ ತೆರೆಯುವ ಒಂದು ಗಳಿಗೆ ಮೊದಲೇ ನಕ್ಕುಬಿಡುತ್ತಿದ್ದ. ನಗುವ ಸದ್ದಿಗೆ ನಾವೆಲ್ಲ ಹಿಂದೆ ತಿರುಗುತ್ತಿದ್ದೆವು, ಮೇಷ್ಟ್ರ ತಮಾಷೆ ಯಾರಿಗೂ ಕೇಳಿಸುತ್ತಿರಲಿಲ್ಲ. ಹೊಡೆಯಲೂ ಆಗದು, ತಮ್ಮ ಮಾತಿಗೆ ನಕ್ಕವನನ್ನು ಯಾವ ಕಾರಣಕ್ಕೆ ಹೊಡೆಯುವುದು? ಕನ್ನಡ ಗದ್ಯಪಾಠದಲ್ಲಿ ಯಾರಾದರೂ ಸಾಯುವುದಿದ್ದರೆ ಎರಡು ಪುಟ ಮೊದಲೇ ಹಿಂದಿನಿಂದ ಪಿಸುಮಾತು ಬರುತ್ತಿತ್ತು: "ಮರಿ, ಇವಳು ಉಳಿಯಲ್ಲ."

ನನ್ನ ಬೆರಗು ಶುರುವಾದದ್ದು ಇಲ್ಲಿಂದ. ಹದಿಮೂರು ವರ್ಷದ ಹುಡುಗನಿಗೆ ಚಂದ್ರನ ಮೇಲೆ ನಡೆದುಬಂದವರಿಗಿಂತ ತನಗಿಂತ ಮೂರು ವರ್ಷ ದೊಡ್ಡವನು ಹೆಚ್ಚಿನ ಅಚ್ಚರಿ. ಚಂದ್ರನ ಮೇಲೆ ಹೋದವರು ದೂರದವರು, ಅವರಂತಾಗುವ ಯೋಚನೆಯೇ ಬರುವುದಿಲ್ಲ. ಇವನ ದನಿ, ಮೀಸೆ, ಒಂದೇ ಕೈಯಲ್ಲಿ ಸೈಕಲ್ಲು ಎತ್ತಿ ಚರಂಡಿ ದಾಟಿಸುವ ತೋಳು ಇವೆಲ್ಲ ನನಗೂ ಬರಲಿರುವವು. ಅದಕ್ಕಿಂತ ಹೆಚ್ಚಾಗಿ, ನಾನು ಇನ್ನೂ ಕಾಣದ ಫೆಬ್ರವರಿಯನ್ನು ಇವನು ಆಗಲೇ ಎರಡು ಸಲ ಕಂಡಿದ್ದ. ಹಿಂದುಳಿದವನು ಅವನು, ಆದರೆ ವರ್ಷದ ಲೆಕ್ಕದಲ್ಲಿ ನಮಗಿಂತ ಮುಂದೆ ಇದ್ದವನೂ ಅವನೇ.

ಆರ್. ಕೆ. ನಾರಾಯಣ್ ಇದನ್ನು ಬಲ್ಲವರು. 1935ರಲ್ಲಿ ಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಆಲ್ಬರ್ಟ್ ಮಿಷನ್ ಶಾಲೆಯಲ್ಲಿ ಮಣಿ ಎಂಬವನಿದ್ದಾನೆ. ಕ್ಲಾಸಿನ ಎಲ್ಲರಿಗಿಂತ ಎತ್ತರ, ಪುಸ್ತಕ ತರುವವನಲ್ಲ, ಕೊನೆಯ ಬೆಂಚಿನಲ್ಲಿ ನಿದ್ದೆ. ಮೇಷ್ಟ್ರುಗಳೂ ತಂಟೆಗೆ ಹೋಗುವುದಿಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ನಮ್ಮ ತಲೆಮಾರಿನವರು ಟೀವಿಯ ಮುಂದೆ ಕೂತು ಸ್ವಾಮಿಯನ್ನು ನೋಡಿ ಮರುಗಿದ್ದು ನಿಜ, ಆದರೆ ಕಣ್ಣು ಹುಡುಕುತ್ತಿದ್ದದ್ದು ಮಣಿಯನ್ನು. ನಾರಾಯಣ್ ಅವರ ತಂದೆ ಮೈಸೂರಿನ ಮಹಾರಾಜ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು. ಮಗ ಮಾತ್ರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಉಳಿದು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರು. ಸೀನಿಯರುಗಳ ಬಗ್ಗೆ ಬರೆಯಲು ಅಷ್ಟು ಅರ್ಹತೆ ಸಾಲದೇ?

ನಮ್ಮ ಮಣಿಗಳು ನಿದ್ದೆ ಮಾಡುವವರಲ್ಲ. ಲೋಕದ ಸುದ್ದಿಯೆಲ್ಲ ಅವರ ಮೂಲಕವೇ ನಮಗೆ ಬರುತ್ತಿತ್ತು. ಆ ಜುಲೈ ತಿಂಗಳಲ್ಲಿ ಸ್ಕೈಲ್ಯಾಬ್ ಬೀಳುವುದಿತ್ತು. ಅಮೆರಿಕದ 77 ಟನ್ನಿನ ಆಕಾಶ ಪ್ರಯೋಗಾಲಯ, ಎಲ್ಲಿ ಬೀಳುತ್ತದೆಂದು ಬಿಟ್ಟವರಿಗೇ ಗೊತ್ತಿಲ್ಲ. ಪೋಸ್ಟಾಫೀಸಿನವನು ಟೆಲಿಗ್ರಾಂ ಯಂತ್ರದ ಪಕ್ಕದಲ್ಲಿ ಬೆಳೆದವನಾದ್ದರಿಂದ ಅವನ ಮಾತಿಗೆ ಸರ್ಕಾರಿ ಮೊಹರಿನ ತೂಕ. ಅದು ನೇರವಾಗಿ ನಮ್ಮ ಜಿಲ್ಲೆಗೇ ಬರುತ್ತಿದೆ ಎಂದು ಅವನು ಬುಧವಾರ ಮಧ್ಯಾಹ್ನ ಘೋಷಿಸಿದ. ಹೋಟೆಲಿನವನು ಆ ಸಂಜೆ ನಮಗೆಲ್ಲ ಸಾಲದಲ್ಲಿ ಬೋಂಡ ಕೊಟ್ಟ. ತೀರಿಸುವ ದಿನ ಬರುವುದಿಲ್ಲವಲ್ಲ. ಬೀಜಗಣಿತದ ಲೆಕ್ಕ ಯಾರೂ ಮಾಡಲಿಲ್ಲ. ಅಂದು ರಾತ್ರಿ, ಜುಲೈ 11ರಂದು, ಸ್ಕೈಲ್ಯಾಬ್ ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯಾದ ಮೇಲೂ ಚೂರುಚೂರಾಗಿ ಉದುರಿತು. ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿನ ಎಸ್ಪರೆನ್ಸ್ ಎಂಬ ಊರಿನ ಆಡಳಿತ ಕಸ ಚೆಲ್ಲಿದ್ದಕ್ಕೆಂದು ನಾಸಾಕ್ಕೆ 400 ಡಾಲರ್ ದಂಡ ಹಾಕಿತು. ನಮ್ಮ ಗಣಿತದ ಮೇಷ್ಟ್ರು ಅಷ್ಟು ದೂರ ಹೋಗಲಿಲ್ಲ, ಗುರುವಾರ ಬೆಳಿಗ್ಗೆ ತಲೆಗೆ ಎರಡರಂತೆ ಅಂಗೈ ಮೇಲೆ ಕೊಟ್ಟು ಮುಗಿಸಿದರು. ಬೋಂಡದ ಬಾಕಿ ಮಾತ್ರ ದಸರೆವರೆಗೂ ನಡೆಯಿತು.

ಎನ್‌ಸಿಸಿಯ ಕತೆಯನ್ನು ಉದ್ದ ಮಾಡುವುದಿಲ್ಲ. ಎಲ್ಲ ಊರಿನದೂ ಒಂದೇ. ಗಂಜಿ ಹಾಕಿ ರಟ್ಟಿನಂತಾದ ಖಾಕಿ, ಬ್ರಾಸೋ ಹಚ್ಚಿ ತಿಕ್ಕಿದ ಬಕಲ್ಲು, "ದಾಹಿನೆ ಮುಡ್" ಎಂದಾಗ ಎದುರುಬದುರು ನಿಂತು ಮುಖ ನೋಡಿಕೊಳ್ಳುವ ಇಬ್ಬರು. ಗಿರಣಿಯವನು ಕಾರ್ಪೊರಲ್ ಆಗಿದ್ದ. ಪೆರೇಡು ಮುಗಿದ ಮೇಲೆ ಸಿಗುವ ಉಪ್ಪಿಟ್ಟಿನ ಪೊಟ್ಟಣಗಳನ್ನು ಹಂಚುವ ಅಧಿಕಾರ ಅವನದು. ಗೈರುಹಾಜರಾದವರ ಪಾಲನ್ನು ಅವನು ದೇಶದ ಹೆಸರಿನಲ್ಲಿ ತಾನೇ ತಿನ್ನುತ್ತಿದ್ದ.

ಸ್ಕೂಲ್ ಡೇ ನಾಟಕದ ಬಗ್ಗೆ ಮಾತ್ರ ಒಂದು ಮಾತು. 'ಸತ್ಯ ಹರಿಶ್ಚಂದ್ರ'. ಹುಡುಗರ ಶಾಲೆಯಾದ್ದರಿಂದ ಚಂದ್ರಮತಿಗೆ ದನಿ ಒಡೆಯದ ಹುಡುಗ ಬೇಕು. ಇಡೀ ಕ್ಲಾಸಿನಲ್ಲಿ ಸೊಗಸಾದ ಹೆಣ್ಣುದನಿ ಇದ್ದದ್ದು ಒಬ್ಬನಿಗೆ. ಎರಡು ತಿಂಗಳು ಅವನಿಗೆ ಬಿಸಿನೀರು, ಕಲ್ಲುಸಕ್ಕರೆಯ ಉಪಚಾರ; ಐಸ್‌ಕ್ಯಾಂಡಿ ನಿಷೇಧ. ಆ ದನಿ ನಾಟಕದ ಹಿಂದಿನ ವಾರ ಒಡೆಯಿತು. ಬೇರೆಯವನನ್ನು ತಯಾರು ಮಾಡಲು ಸಮಯವಿಲ್ಲ. ಸ್ಮಶಾನದ ದೃಶ್ಯದಲ್ಲಿ ಚಂದ್ರಮತಿ ಮಗನ ಹೆಣದ ಮುಂದೆ ಅಳಲು ಶುರುಮಾಡಿದಾಗ, ಅದು ತನ್ನ ಪಾತ್ರದ ಮಾತನ್ನು ಯಾರೋ ಹೇಳುತ್ತಿರುವುದು ಎಂದುಕೊಂಡು ಸ್ಮಶಾನದ ಒಡೆಯ ವೀರಬಾಹುವಿನ ಪಾತ್ರದ ಹೋಟೆಲಿನವನು ಗಾಬರಿಯಿಂದ ರಂಗಕ್ಕೆ ನುಗ್ಗಿಬಿಟ್ಟ. ಪರದೆಯ ಮರೆಯಲ್ಲಿ ಮಾತು ಹೇಳಿಕೊಡುತ್ತಿದ್ದ ಗಿರಣಿಯವನು ಕಣ್ಣೊರೆಸಿಕೊಳ್ಳುತ್ತ, "ಹರಿಶ್ಚಂದ್ರ ಏನೇನೋ ಕಂಡಿದ್ದಾನೆ, ಇದೂ ಒಂದು ಇರಲಿ ಬಿಡ್ರೋ" ಎಂದ. ಹರಿಶ್ಚಂದ್ರ ಕಾವ್ಯ ಬರೆದ ರಾಘವಾಂಕ ಇದ್ದಿದ್ದರೂ ಅದನ್ನೇ ಅನ್ನುತ್ತಿದ್ದನೇನೋ.

ಇಷ್ಟು ಹೇಳಿದ್ದು ಈ ಗಿರಣಿಯವನು ಎಂಥವನು ಎಂದು ನಿಮಗೆ ತಿಳಿಯಲಿ ಎಂದು. ಈಗ ಅವನ ತೂತಿನ ವಿಷಯ.

ನಮ್ಮದು ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅರ್ಧ ದೇಶದ ಶಾಲೆ, ಸ್ಟೇಷನ್ನು, ಕಚೇರಿಗಳ ತಲೆಯ ಮೇಲೆ ಕೂತ ಅದೇ ಕೆಂಪು ಹೆಂಚು. ಪಕ್ಕದಲ್ಲಿ ಹುಣಸೆಮರ. ಮರ, ಹುಡುಗರು, ಕಲ್ಲು ಮೂರೂ ಇದ್ದಲ್ಲಿ ಹೆಂಚು ಉಳಿಯುವುದುಂಟೇ? ಕೊನೆಯ ಬೆಂಚಿನ ನೆತ್ತಿಯ ಮೇಲಿನ ಹೆಂಚೊಂದು ಮೂಲೆ ಮುರಿದು, ಮೂರು ಮೂಲೆಯ ಒಂದು ಸಣ್ಣ ಕಿಂಡಿಯಾಗಿತ್ತು. ಮುರಿದವನು ಗಿರಣಿಯವನೇ, ತನ್ನ ಮೊದಲನೆಯ ಒಂಬತ್ತನೆಯ ತರಗತಿಯಲ್ಲಿ. ಹುಣಸೆಕಾಯಿ ಬೀಳಲಿಲ್ಲವಂತೆ. ಮಳೆಗಾಲದಲ್ಲಿ ಆ ಕಿಂಡಿಯಿಂದ ನೀರು ಅವನ ಬೆಂಚಿನ ಮೇಲೆ ತೊಟ್ಟಿಕ್ಕುತ್ತಿತ್ತು, ತಾನು ಮಾಡಿದ್ದನ್ನು ತಾನೇ ಉಣ್ಣುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ ಎಂದು ಕನ್ನಡ ಮೇಷ್ಟ್ರು ಕರ್ಮಸಿದ್ಧಾಂತವನ್ನು ಅಲ್ಲಿಂದಲೇ ವಿವರಿಸುತ್ತಿದ್ದರು. ಬಿಸಿಲಿದ್ದ ದಿನ ಅಲ್ಲಿಂದ ಬೆಳಕಿನ ಒಂದು ಬಿಲ್ಲೆ ನೆಲಕ್ಕೆ ಬೀಳುತ್ತಿತ್ತು. ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು.

ಅದು ನಡೆಯುತ್ತಿತ್ತು. ಒಂದು ಪೀರಿಯಡ್ಡಿಗೆ ಎರಡಡಿಗೂ ಹೆಚ್ಚು. ಕೊನೆಯ ಬೆಂಚಿನವರಿಗೆ ಗಡಿಯಾರ ಬೇಕಿರಲಿಲ್ಲ. ಬಿಲ್ಲೆ ನೆಲದ ಇಂಥ ಬಿರುಕಿಗೆ ಬಂದರೆ ಊಟದ ಬೆಲ್ಲು. ಜವಾನ ಬೆಲ್ಲು ಹೊಡೆಯಲು ಎದ್ದು ಹೊರಡುವ ಹೊತ್ತಿಗೆ ಇವರ ಪುಸ್ತಕ ಚೀಲದೊಳಗೆ ಇರುತ್ತಿತ್ತು. ಇಷ್ಟನ್ನು ಯಾವ ಸೋಮಾರಿಯಾದರೂ ಕಂಡುಕೊಳ್ಳುತ್ತಾನೆ. ಗಿರಣಿಯವನು ಕಂಡದ್ದು ಬೇರೆ. ಮೊದಲ ವರ್ಷ ಬೇಸರಕ್ಕೆಂದು ಅವನು ಊಟದ ಬೆಲ್ಲಿನ ಹೊತ್ತಿಗೆ ಬಿಲ್ಲೆ ಎಲ್ಲಿದೆಯೋ ಅಲ್ಲಿ ಗಾರೆ ನೆಲದ ಮೇಲೆ ಮೊಳೆಯಿಂದ ಗೀರು ಹಾಕುತ್ತ ಹೋಗಿದ್ದ. ಜೂನ್‌ನಲ್ಲಿ ಅದು ಅವನ ಬೆನ್ನ ಹಿಂದೆ, ಗೋಡೆಯ ಬುಡದಲ್ಲಿ. ಆಗಸ್ಟ್ ನಡುವೆ ಸರಿಯಾಗಿ ಕಾಲ ಕೆಳಗೆ. ಆಮೇಲೆ ದಿನಕ್ಕಿಷ್ಟು ಉತ್ತರಕ್ಕೆ ಸರಿಯುತ್ತ, ಡಿಸೆಂಬರ್ ಕೊನೆಗೆ ಒಂಬತ್ತಡಿ ದೂರ, ಮೂರು ಬೆಂಚು ಮುಂದೆ. ಅಲ್ಲಿ ನಿಂತಿತು. ನಿಂತು, ಹಿಂದಕ್ಕೆ ಹೊರಟಿತು. ಮಾರ್ಚಿನಲ್ಲಿ ಪರೀಕ್ಷೆಗೆ ಕೂತಾಗ ಅವನ ಹತ್ತಿರಕ್ಕೇ ವಾಪಸು ಬಂದಿತ್ತು.

"ಅರ್ಧ ವರ್ಷದ ಪರೀಕ್ಷೆಗೆ ಮುಂದಿನ ಬೆಂಚಿಗೆ ಪ್ರಮೋಷನ್ನು, ಆಮೇಲೆ ಡುಮ್ಕಿ ಹೊಡೆದು ಲಾಸ್ಟ್ ಬೆಂಚು. ನಮ್ಮವನೇ ಕಣೋ ಮರಿ ಸೂರ್ಯ" ಎಂದು ಅವನು ನನಗೆ ಹೇಳಿದ.

ಎರಡನೆಯ ವರ್ಷ ಬಿಲ್ಲೆ ಅದೇ ಗೀರುಗಳ ಮೇಲೆ ಬಂದು ಕೂತಿತು. ತಿಂಗಳಿಗೆ ತಿಂಗಳು, ಗೀರಿಗೆ ಗೀರು. ಅವತ್ತು ಅವನಿಗೆ ಮೈ ಜುಮ್ಮೆಂದಿತಂತೆ. ಹೇಳುವಾಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಹೊಸದನ್ನು ಕಂಡಾಗ ಬೆರಗಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಹೊಸ ಊರು, ಹೊಸ ಯಂತ್ರ, ಮೊದಲ ಸಲ ಕಂಡ ಸಮುದ್ರ. ನನಗೆ ಈಗ ಅನುಮಾನ. ಮೊದಲ ಸಲ ಕಂಡಾಗ ನಾವು ನೋಡುವುದಕ್ಕಿಂತ ಹೆಚ್ಚಾಗಿ ಗಾಬರಿಬೀಳುತ್ತೇವೆ, ಹೆಸರು ಕೇಳುತ್ತೇವೆ, ಪಕ್ಕದವನಿಗೆ ತೋರಿಸುತ್ತೇವೆ. ಬಿಲ್ಲೆ ನಮ್ಮ ಮುಂದೆಯೂ ಬೀಳುತ್ತಿತ್ತು. ನಾವು, ಅಂದರೆ ಬುದ್ಧಿವಂತರು, ನೋಟ್ಸ್ ಬರೆದುಕೊಳ್ಳುತ್ತಿದ್ದೆವು. ಒಂದು ವರ್ಷದಲ್ಲಿ ಆ ಕೋಣೆ ಬಿಡುವವನಿಗೆ ಅದು ನೆಲದ ಮೇಲಿನ ಒಂದಿಷ್ಟು ಬಿಸಿಲು. ಹೋದದ್ದು ಅದೇ ಜಾಗಕ್ಕೆ ಮರಳಿ ಬರುತ್ತದೆ ಎಂದು ಗೊತ್ತಾಗಬೇಕಾದರೆ ಅಲ್ಲೇ ಕೂತಿರಬೇಕು. ಎರಡನೆಯ ಸಲಕ್ಕೆ ಕೂತಿರುವ ಸೌಲಭ್ಯ ನಮ್ಮ ಶಾಲೆಯಲ್ಲಿ ನಪಾಸಾದವರಿಗೆ ಮಾತ್ರ ಇತ್ತು. ಜ್ಯೋತಿಷಿಗಳೂ ದೇವಸ್ಥಾನ ಕಟ್ಟಿದವರೂ ಹೀಗೆಯೇ ಕೂತಿದ್ದವರಿರಬೇಕು. ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಹೆಯೊಳಗೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಹಾಯ್ದು ಲಿಂಗವನ್ನು ಮುಟ್ಟುತ್ತದೆ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳ ಮೇಲೆ ಆಯಾ ಮಾಸದ ಬಿಸಿಲು ಬೀಳುತ್ತದೆ ಎನ್ನುತ್ತಾರೆ. ಇಟಲಿಯ ಬೊಲೋನ್ಯಾ ಊರಿನಲ್ಲಿ 1655ರಲ್ಲಿ ಕಸ್ಸೀನಿ ಎಂಬ ಖಗೋಳಜ್ಞ ಸಾನ್ ಪೆತ್ರೋನಿಯೋ ಚರ್ಚಿನಲ್ಲಿ 27 ಮೀಟರ್ ಎತ್ತರದ ಕಿಂಡಿಯಿಂದ ನೆಲಕ್ಕೆ ಬಿಸಿಲು ಬೀಳುವಂತೆ ಮಾಡಿ, ನೆಲದ ಮೇಲೆ ಗೆರೆ ಎಳೆದು, ಸೂರ್ಯನ ವರ್ಷವನ್ನು ಅಳೆದ. ಅವನು ಚರ್ಚಿನವರ ಅನುಮತಿ ಪಡೆದಿದ್ದ. ವ್ಯತ್ಯಾಸ ಅಷ್ಟೆ.

ಇನ್ನೊಂದು ಸಂಗತಿ ಚೆಂಡಿನಿಂದ ತಿಳಿದದ್ದು. ನಮ್ಮಲ್ಲಿ ಬಾಲ್ ಬ್ಯಾಡ್ಮಿಂಟನ್ ಹುಚ್ಚು. ಹಳದಿ ಉಣ್ಣೆಯ ಚೆಂಡೊಂದು ಕಿಟಕಿಯಿಂದ ಒಳಗೆ ಹಾರಿ ತೊಲೆಯ ಮೇಲೆ ಕೂತುಬಿಟ್ಟಿತು. ತೆಗೆಯಲು ಗಿರಣಿಯವನು ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿದ. ಹತ್ತಿದವನು ಇಳಿಯಲೇ ಇಲ್ಲ. ಹೆಂಚಿನ ಹತ್ತಿರ ಅಂಗೈ ಹಿಡಿದು ನೋಡುತ್ತ ಕೂತಿದ್ದ. ಕಿಂಡಿಯ ಹತ್ತಿರ ಹಿಡಿದರೆ ಅಂಗೈ ಮೇಲೆ ಬೆಳಕು ಮೂರು ಮೂಲೆ. ಕೈ ಕೆಳಗಿಳಿಸುತ್ತ ಹೋದರೆ ಮೂಲೆಗಳು ಕರಗಿ ಗುಂಡಗೆ. "ಮೇಲೆ ಮೂರು ಮೂಲೆ, ಕೆಳಗೆ ಗುಂಡು. ಯಾಕೆ ಸಾರ್?" ಎಂದು ಅವನು ಮಾರನೆಯ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದ. ಮೂರು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಆ ಮೇಷ್ಟ್ರು ದೊಡ್ಡ ಮನುಷ್ಯರು. ಸಿಲಬಸ್ಸಿನಲ್ಲಿಲ್ಲ ಎಂದು ಹೇಳಲಿಲ್ಲ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದ ಪ್ರಶ್ನೆಗಳ ಗ್ರಂಥದಲ್ಲೂ ಇದೇ ಇದೆ, ಚೌಕ ಕಿಂಡಿಯಿಂದ ಬಂದ ಬಿಸಿಲು ಯಾಕೆ ಗುಂಡಗಿದೆ ಎಂದು ಅಲ್ಲಿಯೂ ಕೇಳಿದ್ದಾರೆ, ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈತಮ್ ಎಂಬ ಅರಬ್ ಪಂಡಿತ ಇದರ ಮೇಲೆ ಒಂದು ಇಡೀ ಹೊತ್ತಗೆ ಬರೆದ ಎಂದರು. ಕೊನೆಯ ಬೆಂಚು ಮೊದಲ ಬಾರಿಗೆ ಎದೆಯುಬ್ಬಿಸಿ ಕೂತಿತು. ಆಮೇಲೆ ವಿವರಿಸಿದರು: ನೆಲದ ಮೇಲೆ ಬಿದ್ದಿರುವುದು ಕಿಂಡಿಯ ಆಕಾರವಲ್ಲ, ಸೂರ್ಯನ ಪಟ. ಕಿಂಡಿ ಸಣ್ಣದಾಗಿದ್ದು ನೆಲ ದೂರವಿದ್ದರೆ ಅದು ಯಾವ ಆಕಾರದ್ದಾದರೂ ಒಂದೇ. ಸೂರ್ಯ ತನ್ನ ಅಗಲದ ಸುಮಾರು 107 ಪಟ್ಟು ದೂರದಲ್ಲಿದ್ದಾನೆ, ಆದ್ದರಿಂದ ಕಿಂಡಿಯಿಂದ ಪಟ ಎಷ್ಟು ದೂರವೋ ಅದರ 107ರಲ್ಲಿ ಒಂದು ಪಾಲು ಪಟದ ಅಗಲ. ಹನ್ನೆರಡು ಅಡಿಗೆ ಒಂದೂಕಾಲು ಇಂಚಿನ ಮೇಲೆ ಸ್ವಲ್ಪ. ಸೂರ್ಯನ ದೂರ 15 ಕೋಟಿ ಕಿಲೋಮೀಟರ್ ಎಂದು ಪುಸ್ತಕದಲ್ಲಿದೆ. ಅಳತೆಪಟ್ಟಿ ತೆಗೆದುಕೊಂಡು ಭಾಗಿಸಿ, ಸೂರ್ಯ ಎಷ್ಟು ಅಗಲ ಹೇಳಿ ಎಂದರು. 14 ಲಕ್ಷ ಕಿಲೋಮೀಟರ್ ಎಂದು ಬಂತು. ಜ್ಯಾಮಿಟ್ರಿ ಬಾಕ್ಸಿನ ಆರಿಂಚಿನ ಪಟ್ಟಿಯಲ್ಲಿ.

ಜನವರಿಯಲ್ಲಿ ಹಂಪಿಗೆ ಪ್ರವಾಸ. ಕೆಂಪು ಬಸ್ಸು, ಹಿಂದಿನ ಸೀಟು ಪೂರ್ತಿ ಸೀನಿಯರುಗಳಿಗೆ, ವಾಂತಿ ಮಾಡುವವರಿಗೆ ಕಿಟಕಿ. ವಿರೂಪಾಕ್ಷ ದೇವಸ್ಥಾನದ ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಜಾಗವಿದೆ. ಅಲ್ಲಿನ ಗೋಡೆಯ ಕಿಂಡಿಯಿಂದ ಬಂದ ಬೆಳಕಿನಲ್ಲಿ, ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಪೂರ್ವದ ಗೋಪುರ ತಲೆಕೆಳಗಾಗಿ ಮೂಡುತ್ತದೆ. ತೋರಿಸುವವರು ಇದು ಆ ಕಾಲದ ಶಿಲ್ಪಿಗಳ ಪವಾಡ ಎಂದು ಕೈಮುಗಿಸಿದರು. ನಾವೂ ಮುಗಿದೆವು. ಗಿರಣಿಯವನು ಗೋಪುರ ನೋಡದೆ ತಿರುಗಿ ಕಿಂಡಿಯನ್ನು ಹುಡುಕಿ, ತುಂಬ ಹೊತ್ತು ಅದನ್ನೇ ನೋಡಿ, "ಇಲ್ಲೂ ಯಾರೋ ಹುಣಸೆಕಾಯಿಗೆ ಕಲ್ಲು ಹೊಡೆದಿದ್ದಾರೆ ಕಣ್ರೋ" ಎಂದ. ವಿಜ್ಞಾನದ ಮೇಷ್ಟ್ರು ದೇವಸ್ಥಾನವೆಂಬುದನ್ನೂ ಮರೆತು ಜೋರಾಗಿ ನಕ್ಕರು. ಊರಿಗೆ ಮರಳುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಹಾಡು ಬರಲಿಲ್ಲ. ಅವನು ಯೋಚಿಸುತ್ತಿದ್ದ.

ಯೋಚನೆ ಹೊರಗೆ ಬಂದದ್ದು ಫೆಬ್ರವರಿಯಲ್ಲಿ. 16ನೇ ತಾರೀಖು, ಶನಿವಾರ, ಮಧ್ಯಾಹ್ನದ ಮೇಲೆ ಸೂರ್ಯಗ್ರಹಣ. ಕಾರವಾರ, ಅಂಕೋಲದ ಕಡೆಯಿಂದ ಒಳಗೆ ಬಂದು ರಾಯಚೂರಿನ ಮೇಲೆ ಹಾಯುವ ಪಟ್ಟಿಯಲ್ಲಿ ಖಗ್ರಾಸ. ನಮ್ಮ ಕಡೆ ಪೂರ್ತಿ ಅಲ್ಲದಿದ್ದರೂ ಬಹುಪಾಲು. ದೇಶವೇ ಹೆದರಿ ಕೂತಿತ್ತು. ಬೊಂಬಾಯಿಯಲ್ಲಿ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟು ಹಿಂದಿನ ದಿನವಷ್ಟೇ ಶುರುವಾಗಿತ್ತು, ನಾಯಕ ನಮ್ಮ ಭದ್ರಾವತಿಯ ಜಿ. ಆರ್. ವಿಶ್ವನಾಥ್, ಗ್ರಹಣದ ದೆಸೆಯಿಂದ ಎರಡನೆಯ ದಿನವೇ ಆಟಕ್ಕೆ ರಜೆ. (ಆ ಪಂದ್ಯದಲ್ಲೇ ವಿಶ್ವನಾಥ್, ಔಟೆಂದು ಅಂಪೈರ್ ಹೇಳಿದ ಬಾಬ್ ಟೇಲರ್‌ನನ್ನು ವಾಪಸು ಕರೆದು ಆಡಿಸಿದ್ದು, ಇಂಗ್ಲೆಂಡ್ ಹತ್ತು ವಿಕೆಟ್‌ಗಳಿಂದ ಗೆದ್ದದ್ದು. ಕೊನೆಯ ಬೆಂಚಿನಲ್ಲಿ ಈ ವಿಷಯಕ್ಕೆ ವಾರವಿಡೀ ಜಗಳ.) ಹೊರಗೆ ಬಂದರೆ ಕಣ್ಣು ಹೋಗುತ್ತದೆ, ಬಸುರಿಯರು ಕೂದಲೂ ಬಾಚಬಾರದು, ಉಂಡ ಅನ್ನ ವಿಷ. ಪೋಸ್ಟಾಫೀಸಿನವನೂ ಈ ಸಲ ಬಾಯಿ ಬಿಡಲಿಲ್ಲ. ಸ್ಕೈಲ್ಯಾಬ್ ಅವನ ಮಾನ ಕಳೆದಿತ್ತು.

ಶುಕ್ರವಾರ ಸಂಜೆ ಗಿರಣಿಯವನು ನಮ್ಮನ್ನು ಕೋಣೆಯಲ್ಲಿ ನಿಲ್ಲಿಸಿ ಕೇಳಿದ: "ಅದು ಸೂರ್ಯನ ಪಟ ಅಂತ ಮೇಷ್ಟ್ರು ಹೇಳಿದ್ರಲ್ಲ. ನಿಜವಾಗ್ಲೂ ಪಟವೇ ಆಗಿದ್ರೆ ನಾಳೆ ಅದನ್ನೂ ರಾಹು ಕಚ್ಚಬೇಕಲ್ವಾ? ಅದೂ ಹಂಪಿ ಗೋಪುರದ ಥರ ಉಲ್ಟಾ ಕಚ್ಚಬೇಕು. ನಿಮ್ಮನೇಲಿ ಹೊರಗೆ ಬಿಡಲ್ಲ, ಗೊತ್ತು. ಮೇಲೆ ನೋಡಲೇಬೇಡಿ. ಒಳಗೇ ಗೋಡೆ ನೋಡ್ಕೊಂಡಿರಿ."

ನಮ್ಮ ಮನೆಯದೂ ಹೆಂಚಿನ ಮಾಡು, ಕಿಂಡಿಗೇನೂ ಬರವಿರಲಿಲ್ಲ. ಅಜ್ಜಿ ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆ, ನೀರಿನ ಹಂಡೆ ಎಲ್ಲದರ ಮೇಲೂ ದರ್ಭೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೆಯ ಪಂಚೆ ತುರುಕಿ, ನಮ್ಮೆಲ್ಲರನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡರು. ಒಳಗೆ ಕಗ್ಗತ್ತಲು. ಅದೇ ಅನುಕೂಲವಾಯಿತು. ಬೇರೆ ದಿನ ಗಮನಕ್ಕೇ ಬಾರದಂತಿದ್ದ ಬೆಳಕಿನ ಬಿಲ್ಲೆಗಳು ಪೂರ್ವದ ಗೋಡೆಯ ಸುಣ್ಣದ ಮೇಲೆ ನಿಚ್ಚಳವಾಗಿ ಎದ್ದಿದ್ದವು. ಒಂದೂ ಗುಂಡಗಿರಲಿಲ್ಲ. ನೋಡನೋಡುತ್ತ ಸವೆದು, ಎಲ್ಲವೂ ಒಟ್ಟಿಗೆ, ಒಂದೇ ಕಡೆಗೆ ಬಾಗಿ, ಬಿದಿಗೆ ಚಂದ್ರರ ಸಾಲಾದವು. ಗ್ರಹಣ ಒಳಗೆ ಬರದಿರಲಿ ಎಂದು ಮುಚ್ಚಿದ ಮನೆಯಲ್ಲಿ ಗ್ರಹಣ ಹತ್ತಿಪ್ಪತ್ತು ಕಡೆ ನಡೆಯುತ್ತಿತ್ತು. ನಾನು ತೋರಿಸಿದಾಗ ಅಜ್ಜಿ ಜಪ ನಿಲ್ಲಿಸಿ ನೋಡಿದರು. ಬೈಯುತ್ತಾರೆಂದುಕೊಂಡೆ. ಎದ್ದುಹೋಗಿ ಒಂದು ಬಿಲ್ಲೆಯ ಕೆಳಗೆ ಅಂಗೈ ಹಿಡಿದು, ಅದರಲ್ಲಿ ಬಂದು ಕೂತ ಪುಟ್ಟ ಸೂರ್ಯನನ್ನು ಕಣ್ಣಿಗೊತ್ತಿಕೊಂಡು, "ಯಾರೋ ನಿಂಗೆ ಹೇಳಿದ್ದು?" ಎಂದರು. ನಪಾಸಾದವನು ಅಂದೆ. "ಹಾಗನ್ನಬಾರದು" ಎಂದರು.

ಸೋಮವಾರ ಕೋಣೆಯಲ್ಲಿ ಗಿರಣಿಯವನ ಸುತ್ತ ಜಾತ್ರೆ. ಶನಿವಾರ ಅವನು ಕಿಟಕಿಯ ಕಿತ್ತ ಸರಳಿನ ಸಂದಿಯಲ್ಲಿ ನುಸುಳಿ ಬಂದು ಒಬ್ಬನೇ ಇಲ್ಲಿ ಕೂತಿದ್ದನಂತೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಿಲ್ಲೆಯ ಒಂದೊಂದು ಹಂತವನ್ನೂ ಬರೆದಿಟ್ಟಿದ್ದ. ಮೇಷ್ಟ್ರು ತಂದ ಪತ್ರಿಕೆಯ ಚಿತ್ರವನ್ನು ಅದರ ಪಕ್ಕ ಹಿಡಿದರೆ ಕಚ್ಚಿದ ಕಡೆ ಅದಲುಬದಲು. ಅವನು ಅಂದಂತೆಯೇ ಉಲ್ಟಾ. ಒಂದು ಸಂಗತಿಯನ್ನು ನೋಡಿ, ಹಾಗಿದ್ದರೆ ಹೀಗಾಗಬೇಕು ಎಂದು ಮುಂಚೆಯೇ ಹೇಳಿ, ಹಾಗೆಯೇ ಆಗುವುದನ್ನು ಕೂತು ನೋಡಿ ಬರೆದಿಡುವುದು. ವಿಜ್ಞಾನ ಎಂದರೆ ಇದಕ್ಕಿಂತ ಬೇರೇನಿದೆಯೋ ನನಗೆ ತಿಳಿಯದು. ಮಾರ್ಚಿನ ಪರೀಕ್ಷೆಯಲ್ಲಿ ಅವನು ವಿಜ್ಞಾನದಲ್ಲಿ ನಪಾಸಾದ. ಪ್ರಶ್ನೆಪತ್ರಿಕೆಯಲ್ಲಿ ಗ್ರಹಣವೂ ಇರಲಿಲ್ಲ, ಕಿಂಡಿಯೂ ಇರಲಿಲ್ಲ.

ನಾಲ್ಕನೆಯ ವರ್ಷಕ್ಕೆ ಅವನು ಬರಲಿಲ್ಲ. ಗಿರಣಿಯಲ್ಲಿ ಕೂತ, ಅಲ್ಲಿ ಕೊನೆಗೂ ಪ್ಯಾಂಟು ಹಾಕಬಹುದಿತ್ತು. ಬೇಸಿಗೆ ರಜೆಯಲ್ಲಿ ಮಾಡಿನ ರಿಪೇರಿಯಾಗಿ ಹೆಂಚು ಬದಲಾಯಿತು. ನಾವು ಪ್ಯಾಂಟು ಹಾಕಿಕೊಂಡು ಹತ್ತನೆಯ ತರಗತಿಗೆ ಹೋಗಿ ತಲೆ ತಗ್ಗಿಸಿ ಓದಿದೆವು. ಈಗ ಅಂಥ ಸೀನಿಯರುಗಳ ಸಂತತಿಯೇ ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಮಕ್ಕಳನ್ನು ತಡೆದು ನಿಲ್ಲಿಸಬಾರದೆಂದಿತು, ಹತ್ತು ವರ್ಷದ ಮೇಲೆ ಅದಕ್ಕೆ ಒಂದಿಷ್ಟು ತಿದ್ದುಪಡಿ ಬಂತು. ಎಸ್ಸೆಸ್ಸೆಲ್ಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು. ಒಳ್ಳೆಯದೇ. ಮೀಸೆ ಬಂದವನಿಗೆ ಚಡ್ಡಿ ಹಾಕಿಸಿ ಕೂರಿಸುವುದರಲ್ಲಿ ಯಾವ ಪುಣ್ಯವೂ ಇಲ್ಲ. ಆದರೆ ಒಂದೇ ಕಿಂಡಿಯ ಕೆಳಗೆ ಮೂರು ವರ್ಷ ಕೂರಲು ಇನ್ನು ಯಾರಿಗೆ ಬಿಡುವಿದೆ ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಸೂರ್ಯಗ್ರಹಣ ಹಾಯಲಿದೆ. ಕರ್ನಾಟಕದಲ್ಲಿ ಪಾರ್ಶ್ವವಾಗಿ ಕಾಣುತ್ತದೆ. ಶಾಲೆಗೆ ಬೇಸಿಗೆ ರಜೆ ಇರುವ ಸಮಯ, ಮಕ್ಕಳು ಮನೆಯಲ್ಲೇ ಇರುತ್ತಾರೆ. ಆರ್‌ಸಿಸಿ ಮನೆಗಳಲ್ಲಿ ಕಿಂಡಿ ಸಿಗುವುದಿಲ್ಲ, ತೂತು ತೂತಾದ ಒಂದು ಸೌಟಾದರೂ ಇರುತ್ತದೆ. ಅಂಗಳಕ್ಕೆ ಬನ್ನಿ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ, ನೆಲದಿಂದ ಎರಡು ಮೂರು ಅಡಿ ಮೇಲೆ ಅದನ್ನು ಹಿಡಿಯಿರಿ, ನೆರಳು ನೋಡಿ. ಬರಿಗಣ್ಣಿನಲ್ಲಿ ಮೇಲೆ ಮಾತ್ರ ನೋಡಬೇಡಿ. ಕಣ್ಣಿನ ಅಕ್ಷಿಪಟ ಸುಡುವಾಗ ನೋವಾಗುವುದಿಲ್ಲ, ಆಮೇಲೆ ತಿಳಿಯುತ್ತದೆ. ಪಕ್ಕದ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನಿದ್ದರೆ, ಪಾಸೋ ನಪಾಸೋ ಕೇಳದೆ, ಅವನನ್ನೂ ಕರೆಯಿರಿ.